ಸಕ್ಕರೆ ಬಟ್ಟಲು ಮತ್ತು ಹಾಲಿನ ಜಗ್ಗು

ನಮ್ಮ ಶಾಲೆಯ ಸ್ಟಾಫ್ ರೂಮಿನ ಕಪಾಟಿನಲ್ಲಿ ಒಂದು ಜೋಡಿ ಪಾತ್ರೆ ಇದೆ. ಗಲ್ಫಿನಲ್ಲಿ ದುಡಿಯುವ ಹಳೆ ವಿದ್ಯಾರ್ಥಿಯೊಬ್ಬರು ರಜೆಗೆ ಊರಿಗೆ ಬಂದಾಗ ಪ್ರೀತಿಯಿಂದ ಕೊಟ್ಟು ಹೋದದ್ದು. ಮುಚ್ಚಳ ಇರುವ ಬಟ್ಟಲು ಸಕ್ಕರೆಗೆ, ಹಿಡಿಯೂ ಮೂತಿಯೂ ಇರುವ ಸಣ್ಣ ಜಗ್ಗು ಹಾಲಿಗೆ. ಬೂದಿ ಬಣ್ಣ, ಅಲ್ಲಲ್ಲಿ ಕಂದು ಚುಕ್ಕೆ. ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಭಾರ ಹೆಚ್ಚು. ಅಡಿಯಲ್ಲಿ ಇಂಗ್ಲಿಷಿನಲ್ಲಿ 'ಸ್ಟೋನ್‌ವೇರ್' ಎಂದು ಅಚ್ಚು ಹಾಕಿದ್ದಾರೆ. ಬಂದ ವಾರ ಎರಡು ದಿನ ಉಪಯೋಗಿಸಿದೆವು, ಮತ್ತೆ ಅದು ಕಪಾಟು ಸೇರಿತು. ಯಾಕೆಂದರೆ ನಮ್ಮಲ್ಲಿ ಚಾಯ ಬರುವುದೇ ಹಾಲು, ಸಕ್ಕರೆ, ಹುಡಿ ಎಲ್ಲ ಒಟ್ಟಿಗೆ ಕುದಿದು ಒಂದಾದ ಮೇಲೆ!

ಮೊನ್ನೆ ನೋಟ್ ಪುಸ್ತಕಗಳ ಕಟ್ಟು ತಂದಿಟ್ಟ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ನೋಡಿ, "ಮಾಷ್ಟ್ರೇ, ಹಾಲು ಬೇರೆ ಸಕ್ಕರೆ ಬೇರೆ ಇಡುವುದು ಎಂತಕ್ಕೆ?" ಎಂದು ಕೇಳಿದಳು. ಸುಲಭದ ಪ್ರಶ್ನೆ ಎಂದುಕೊಂಡು ಉತ್ತರ ಹೇಳಹೊರಟ ನಾವು ಚೀನಾ, ಇಂಗ್ಲೆಂಡು, ವೆಸ್ಟ್ ಇಂಡೀಸ್ ಎಲ್ಲ ಸುತ್ತಿ ಕಡೆಗೆ ಕಾಸರಗೋಡಿಗೇ ಬಂದು ನಿಂತೆವು. ಆ ಸುತ್ತಾಟವನ್ನು ಇಲ್ಲಿ ಬರೆದಿಡೋಣ ಎಂದುಕೊಂಡಿದ್ದೇವೆ.

ಮೊದಲು ಸ್ಟೋನ್‌ವೇರ್ ಎಂದರೇನು ಎಂಬುದು. ಹೆಸರು ಕೇಳಿ ಕಲ್ಲಮರಿಗೆ ಎಂದುಕೊಳ್ಳಬೇಡಿ. ಕಲ್ಲಮರಿಗೆ ನಿಜವಾದ ಕಲ್ಲನ್ನೇ ಕಡೆದು ಮಾಡಿದ್ದು. ಇದು ಮಣ್ಣು. ಆದರೆ ಎಲ್ಲ ಮಣ್ಣಿನ ಪಾತ್ರೆಯೂ ಒಂದೇ ಅಲ್ಲ. ನಮ್ಮ ಮಣ್ಣಿನ ಅಳಗೆಯನ್ನು ಸುಡುವ ಬಿಸಿ ಕಡಿಮೆ. ಅದರ ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ನೀರು ಜಿನುಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗುವುದೂ ಅದರಿಂದಲೇ. ತಕ್ಕ ಜೇಡಿಯನ್ನು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟರೆ ಮಣ್ಣಿನೊಳಗಿನ ಕೆಲವು ಅಂಶಗಳು ಕರಗಿ ಗಾಜಿನಂತಾಗಿ ರಂಧ್ರಗಳನ್ನು ತುಂಬುತ್ತವೆ. ಆಗ ಅದು ಕಲ್ಲಿನ ಹಾಗೆ ಗಟ್ಟಿ, ಬಡಿದರೆ ಠಣ್ಣೆನ್ನುತ್ತದೆ, ನೀರು ಹೀರುವುದಿಲ್ಲ. ಇದು ನಮಗೆ ಹೊಸತೇನೂ ಅಲ್ಲ. ಅಜ್ಜಿಮನೆಯ ಅಟ್ಟದಲ್ಲಿ ಮೇಲರ್ಧ ಕಂದು, ಕೆಳಗರ್ಧ ಬಿಳಿ ಇರುವ ಉಪ್ಪಿನಕಾಯಿ ಭರಣಿ ನೆನಪಿದೆಯಲ್ಲ? ಅದೂ ಇದೇ ಜಾತಿಯದ್ದು. ಹುಳಿ, ಉಪ್ಪು, ಎಣ್ಣೆ ಯಾವುದಕ್ಕೂ ಜಗ್ಗದ್ದರಿಂದಲೇ ಅದಕ್ಕೆ ಆ ಕೆಲಸ ಸಿಕ್ಕಿತು. ಗಲ್ಫಿನಿಂದ ಬಂದ ನಮ್ಮ ಬಟ್ಟಲು ಆ ಭರಣಿಯ ಪೇಟೆಯ ತಂಗಿ!

ಚಾಯಕ್ಕೂ ಸ್ಟೋನ್‌ವೇರಿಗೂ ಇರುವ ನಂಟು ಚೀನಾದ್ದು. ಅಲ್ಲಿನ ಯಿಶಿಂಗ್ ಎಂಬ ಊರಿನ ಕೆನ್ನೇರಳೆ, ಕೆಂಪು ಮಣ್ಣಿನಿಂದ ಮಿಂಗ್ ರಾಜವಂಶದ ಕಾಲದಲ್ಲಿ ಹೊಳಪು ಲೇಪ ಇಲ್ಲದ ಸಣ್ಣ ಚಾ ಕುಡಿಕೆಗಳನ್ನು ಮಾಡತೊಡಗಿದರು. 17ನೇ ಶತಮಾನದಲ್ಲಿ ಯುರೋಪಿನ ಹಡಗುಗಳು ಚಾ ಎಲೆಯ ಜೊತೆಗೆ ಈ ಕುಡಿಕೆಗಳನ್ನೂ ಒಯ್ದವು. ಅಲ್ಲಿಯ ಕುಂಬಾರರು ನೋಡಿ ನಕಲು ಮಾಡಿದರು. 1672ರಲ್ಲಿ ಜಾನ್ ಡ್ವೈಟ್ ಎಂಬವನು ಲಂಡನ್ನಿನ ಬಳಿಯ ಫುಲ್ಹಮ್ಮಿನಲ್ಲಿ ಸ್ಟೋನ್‌ವೇರಿಗೆ ಪೇಟೆಂಟ್ ಪಡೆದ. 1690ರ ದಶಕದಲ್ಲಿ ಎಲರ್ಸ್ ಸಹೋದರರು ಸ್ಟಾಫರ್ಡ್‌ಶೈರಿನಲ್ಲಿ ಚೀನಾದ ಮಾದರಿಯ ಕೆಂಪು ಚಾ ಪಾತ್ರೆ ಮಾಡಿದರು. ಮುಂದೆ ಅದೇ ಸ್ಟಾಫರ್ಡ್‌ಶೈರ್ ಇಂಗ್ಲೆಂಡಿನ ಕುಂಬಾರಿಕೆಯ ರಾಜಧಾನಿಯಾಯಿತು.

ಅಲ್ಲಿ 1720ರಿಂದ ಮುಂದಕ್ಕೆ ನಡೆದ ಒಂದು ವಿದ್ಯೆಯನ್ನು ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಬಿಳಿ ಜೇಡಿಗೆ ಬೆಣಚುಕಲ್ಲಿನಂತಹ ಫ್ಲಿಂಟ್ ಕಲ್ಲನ್ನು ಸುಟ್ಟು ಹುಡಿ ಮಾಡಿ ಬೆರೆಸುತ್ತಿದ್ದರು. ಆವಿಗೆ ಪೂರಾ ಕಾದಾಗ ಮೇಲಿನ ತೂತುಗಳಿಂದ ಅಡುಗೆ ಉಪ್ಪನ್ನು ಒಳಗೆ ಎಸೆಯುತ್ತಿದ್ದರು. ಉಪ್ಪು ಆವಿಯಾಗಿ, ಅದರೊಳಗಿನ ಸೋಡಿಯಂ ಮಣ್ಣಿನ ಸಿಲಿಕಾದೊಂದಿಗೆ ಸೇರಿ, ಪಾತ್ರೆಯ ಮೈಮೇಲೆ ಗಾಜಿನ ತೆಳು ಪದರ ಕಟ್ಟುತ್ತಿತ್ತು. ಮುಟ್ಟಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ತರಿ. ಅಂದರೆ, ಸಕ್ಕರೆ ತುಂಬುವ ಬಟ್ಟಲಿಗೆ ಹೊಳಪು ಕೊಟ್ಟದ್ದು ಉಪ್ಪು!

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಚೀನೀಯರು ಚಾಯಕ್ಕೆ ಹಾಲನ್ನೂ ಹಾಕುತ್ತಿರಲಿಲ್ಲ, ಸಕ್ಕರೆಯನ್ನೂ ಹಾಕುತ್ತಿರಲಿಲ್ಲ. ಆದ್ದರಿಂದ ಅವರ ಸೆಟ್ಟಿನಲ್ಲಿ ಈ ಜೋಡಿಗೆ ಕೆಲಸವೇ ಇರಲಿಲ್ಲ. ಇವೆರಡೂ ಯುರೋಪಿನವರು ಸೇರಿಸಿದ್ದು. ಅಲ್ಲಿ ಚಾಯವೂ ದುಬಾರಿ, ಸಕ್ಕರೆಯೂ ದುಬಾರಿ. ಅಡುಗೆಯವರ ಕೈಗೆ ಬಿಟ್ಟುಬಿಡುವ ವಸ್ತುಗಳಲ್ಲ. ಶ್ರೀಮಂತರ ಮನೆಗಳಲ್ಲಿ ಚಾ ಎಲೆಯ ಪೆಟ್ಟಿಗೆಗೆ ಬೀಗ, ಕೀಲಿ ಮನೆಯೊಡತಿಯ ಹತ್ತಿರ. ಅತಿಥಿಗಳ ಎದುರು ಅವಳೇ ಚಾಯ ಎರೆದು, ಅವರವರಿಗೆ ಬೇಕಾದಷ್ಟು ಹಾಲು ಸಕ್ಕರೆ ಕೊಡುತ್ತಿದ್ದಳು. ಅದು ಉಪಚಾರವೂ ಹೌದು, ನಮ್ಮಲ್ಲಿ ಇಂತಹದ್ದು ಇದೆ ಎಂದು ತೋರಿಸುವುದೂ ಹೌದು.

ಆಗಿನ ಸಕ್ಕರೆ ಈಗಿನ ಹಾಗೆ ಹರಳಾಗಿ ಸುರಿಯುವಂತಹದ್ದಲ್ಲ. ದೊಡ್ಡ ಶಂಕುವಿನಾಕಾರದ ಗಟ್ಟಿ. ಅದನ್ನು ಕಬ್ಬಿಣದ ಇಕ್ಕಳದಲ್ಲಿ ಮುರಿದು ತುಂಡು ಮಾಡಬೇಕು. ಅದಕ್ಕೇ ಹಳೆಯ ಸಕ್ಕರೆ ಬಟ್ಟಲುಗಳು ಅಷ್ಟು ದೊಡ್ಡವು, ಜೊತೆಗೊಂದು ಪುಟ್ಟ ಚಿಮಟ. ಒಂದೇ ಅಳತೆಯ ಸಕ್ಕರೆ ತುಂಡು ಬಂದದ್ದು 1840ರ ದಶಕದಲ್ಲಿ, ಈಗಿನ ಚೆಕ್ ದೇಶದ ದಾಚಿಟ್ಸೆ ಎಂಬ ಊರಿನಲ್ಲಿ.

ಹಾಲಿನ ಜಗ್ಗಿನಲ್ಲಿ ತಮಾಷೆಯ ಒಂದು ಬಗೆಯಿತ್ತು. ದನದ ಆಕಾರದ ಜಗ್ಗು. 1750ರ ದಶಕದಲ್ಲಿ ಲಂಡನ್ನಿನಲ್ಲಿ ಬೆಳ್ಳಿಯಲ್ಲಿ ಮಾಡುತ್ತಿದ್ದರು, ಸ್ಟಾಫರ್ಡ್‌ಶೈರಿನವರು ಮಣ್ಣಿನಲ್ಲೂ ಮಾಡಿದರು. ಬೆನ್ನ ಮೇಲಿನ ಮುಚ್ಚಳ ತೆಗೆದು ಹಾಲು ತುಂಬಬೇಕು, ಸುತ್ತಿದ ಬಾಲವೇ ಹಿಡಿ, ಬಗ್ಗಿಸಿದರೆ ದನದ ಬಾಯಿಂದ ಹಾಲು! ಒಳಗೆ ತೊಳೆಯುವುದು ಹೇಗೆ ಎಂದು ನಮ್ಮ ಟೀಚರೊಬ್ಬರು ಕೇಳಿದರು. ಅದೇ ತೊಂದರೆ.

ಇಂಗ್ಲೆಂಡಿನಲ್ಲಿ 1700ರ ಸುಮಾರಿಗೆ ಒಬ್ಬರು ವರ್ಷಕ್ಕೆ ಸರಾಸರಿ 4 ಪೌಂಡ್ ಸಕ್ಕರೆ ತಿನ್ನುತ್ತಿದ್ದರೆ 1800ರ ವೇಳೆಗೆ ಅದು 18 ಪೌಂಡ್ ಆಯಿತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1784ರಲ್ಲಿ ಚಾಯದ ಮೇಲಿನ ಸುಂಕವನ್ನು ಶೇಕಡಾ 119ರಿಂದ 12.5ಕ್ಕೆ ಇಳಿಸಿದ ಮೇಲಂತೂ ಬಡವರ ಮನೆಗೂ ಚಾಯ ಬಂತು, ಅದರ ಹಿಂದೆಯೇ ಸಕ್ಕರೆ. ಇಷ್ಟು ಸಕ್ಕರೆ ಎಲ್ಲಿಂದ? ಜಮೈಕಾ, ಬಾರ್ಬಡೋಸ್ ಮುಂತಾದ ವೆಸ್ಟ್ ಇಂಡೀಸಿನ ದ್ವೀಪಗಳಿಂದ. ಬೆಳೆದವರು ಯಾರು? ಆಫ್ರಿಕದಿಂದ ಹಿಡಿದು, ಸರಪಳಿ ಬಿಗಿದು, ಹಡಗಿನ ತಳದಲ್ಲಿ ಒತ್ತೊತ್ತಾಗಿ ಮಲಗಿಸಿ ತಂದ ಗುಲಾಮರು. ಗುಲಾಮ ವ್ಯಾಪಾರದ ಮೂರೂವರೆ ಶತಮಾನಗಳಲ್ಲಿ ಸುಮಾರು 1.25 ಕೋಟಿ ಜನರನ್ನು ಆಫ್ರಿಕದ ಕರಾವಳಿಯಲ್ಲಿ ಹಡಗು ಹತ್ತಿಸಿದರು; ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1.07 ಕೋಟಿ. ವ್ಯತ್ಯಾಸ ಎಷ್ಟೆಂದು ಮಕ್ಕಳು ಬೋರ್ಡಿನಲ್ಲಿ ಕಳೆದು ನೋಡಿದರು. ನಾವೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಇನ್ನು ಜೋಸಯಾ ವೆಜ್‌ವುಡ್ ಎಂಬ ಕುಂಬಾರನ ಕಥೆ. 1730ರಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರರ ಮನೆಯಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಸಿಡುಬು ಬಂದು ಬಲಗಾಲು ಸೋತಿತು, 1768ರಲ್ಲಿ ಆ ಕಾಲನ್ನು ಕತ್ತರಿಸಬೇಕಾಯಿತು. ಕುಂಬಾರನ ಚಕ್ರವನ್ನು ಕಾಲಿನಿಂದ ತಿರುಗಿಸಬೇಕಾದ ಕಾಲ ಅದು. ಚಕ್ರ ತುಳಿಯಲಾಗದವನು ಮಣ್ಣಿನ ಪರೀಕ್ಷೆಗೆ ಇಳಿದ. 1768ರ ಸುಮಾರಿಗೆ ಕಪ್ಪು ಬಸಾಲ್ಟ್ ಎಂಬ ಸ್ಟೋನ್‌ವೇರ್ ತಂದ. ಸಾವಿರಾರು ಪ್ರಯೋಗಗಳ ನಂತರ 1774-75ರಲ್ಲಿ ಜಾಸ್ಪರ್ ಎಂಬ ಇನ್ನೊಂದು ಸ್ಟೋನ್‌ವೇರ್; ತಿಳಿ ನೀಲಿ ಮೈಯ ಮೇಲೆ ಬಿಳಿ ಉಬ್ಬು ಚಿತ್ರಗಳಿರುವುದನ್ನು ಚಿತ್ರಗಳಲ್ಲಿ ನೀವು ನೋಡಿರಬಹುದು. ಚಾ ಕುಡಿಕೆ, ಸಕ್ಕರೆ ಬಟ್ಟಲು, ಹಾಲಿನ ಜಗ್ಗು ಎಲ್ಲ ಇವೆರಡರಲ್ಲೂ ಬಂದವು. ಕಪ್ಪು ಪಾತ್ರೆ ಹಿಡಿದರೆ ಹೆಂಗಸರ ಕೈ ಇನ್ನಷ್ಟು ಬೆಳ್ಳಗೆ ಕಾಣುತ್ತದೆ ಎಂಬುದೂ ಅವನ ವ್ಯಾಪಾರದ ಲೆಕ್ಕದಲ್ಲಿತ್ತು! ಅಂದಹಾಗೆ ಚಾರ್ಲ್ಸ್ ಡಾರ್ವಿನ್ ಇವನ ಮಗಳ ಮಗ.

1787ರಲ್ಲಿ ಗುಲಾಮ ವ್ಯಾಪಾರ ನಿಲ್ಲಿಸಬೇಕೆಂದು ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ವೆಜ್‌ವುಡ್ ಅದರ ಸಮಿತಿಯ ಸದಸ್ಯನಾದ. ಸಂಘದ ಮುದ್ರೆಯನ್ನು ಅದೇ ಜಾಸ್ಪರ್ ಮಣ್ಣಿನಲ್ಲಿ ಪುಟ್ಟ ಪದಕವಾಗಿ ಅಚ್ಚು ಹಾಕಿಸಿದ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಮನುಷ್ಯ. ಮಂಡಿಯೂರಿ, ಸರಪಳಿ ಬಿಗಿದ ಕೈ ಎತ್ತಿದ್ದಾನೆ. ನಾನೂ ಮನುಷ್ಯನಲ್ಲವೇ, ನಿಮ್ಮ ಸಹೋದರನಲ್ಲವೇ ಎಂಬ ಅರ್ಥದ ಅಕ್ಷರಗಳು ಸುತ್ತಲೂ. ಅದನ್ನು ಮಾರಲಿಲ್ಲ, ಹಂಚಿದ. 1788ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೂ ಕಳಿಸಿದ. ಹೆಂಗಸರು ಬಳೆಯಲ್ಲಿ, ತಲೆಪಿನ್ನಿನಲ್ಲಿ ಕೂರಿಸಿಕೊಂಡು ಓಡಾಡಿದರು. ಸಕ್ಕರೆ ಬಟ್ಟಲು ಮಾಡುವ ಕಾರ್ಖಾನೆಯಿಂದಲೇ ಆ ಸಕ್ಕರೆಯ ಹಿಂದಿನ ಮನುಷ್ಯನ ಚಿತ್ರವೂ ಹೊರಬಂತು. ಮಂಡಿಯೂರಿ ಬೇಡುವ ಆ ಭಂಗಿ ಇವತ್ತು ನೋಡುವಾಗ ನಮಗೆ ಅಷ್ಟು ಹಿತವಲ್ಲ, ಅದನ್ನೂ ಹೇಳಬೇಕು.

1791ರ ಏಪ್ರಿಲಿನಲ್ಲಿ ಗುಲಾಮ ವ್ಯಾಪಾರ ನಿಷೇಧದ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 163ಕ್ಕೆ 88 ಮತಗಳಿಂದ ಬಿದ್ದುಹೋಯಿತು. ಪಾರ್ಲಿಮೆಂಟ್ ಕೇಳದಿದ್ದರೆ ಬಿಡಲಿ, ನಾವೇ ಸಕ್ಕರೆ ಬಿಡೋಣ ಎಂದು ವಿಲಿಯಂ ಫಾಕ್ಸ್ ಎಂಬವನು ಅದೇ ವರ್ಷ ಒಂದು ಸಣ್ಣ ಪುಸ್ತಿಕೆ ಬರೆದ. ಅವನ ಲೆಕ್ಕ ಹೀಗಿತ್ತು. ವಾರಕ್ಕೆ 5 ಪೌಂಡ್ ಸಕ್ಕರೆ ಬಳಸುವ ಒಂದು ಕುಟುಂಬ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು, ಅಥವಾ ಸಾಯುವುದು, ತಪ್ಪುತ್ತದೆ. ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜಿನಂತೆ ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರು. ಹೆಂಗಸರಿಗೆ ಮತದಾನದ ಹಕ್ಕು ಇಲ್ಲದ ಕಾಲ. ಆದರೆ ಸಕ್ಕರೆ ಬಟ್ಟಲು ಅವರ ಕೈಯಲ್ಲಿತ್ತಲ್ಲ! ಚಾ ಮೇಜಿನಲ್ಲಿ ಬಟ್ಟಲು ಕಾಣದಿದ್ದರೆ ಅದೇ ಒಂದು ಮತ. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಮಾತ್ರ 1792ರಲ್ಲಿ ರಾಜ ಮೂರನೇ ಜಾರ್ಜನ ಕುಟುಂಬವೇ ಸಕ್ಕರೆಯಿಲ್ಲದ ಚಾಯ ಕುಡಿಯುವಂತೆ ಚಿತ್ರಿಸಿ, ಇದೆಲ್ಲ ಖರ್ಚು ಉಳಿಸುವ ಉಪಾಯ ಎಂದು ನಕ್ಕ. ರಾಜಕುಮಾರಿಯರ ಮುಖದ ಸಪ್ಪೆ ನೋಡಬೇಕು.

ಇಂಗ್ಲೆಂಡಿನ ಒಳ್ಳೆಯ ಜನ ಸಕ್ಕರೆ ಬಿಟ್ಟದ್ದರಿಂದಲೇ ಗುಲಾಮರು ಬಿಡುಗಡೆಯಾದರು ಎಂದು ಮಾತ್ರ ಕಲಿಸಬಾರದು. ಅದೇ 1791ರ ಆಗಸ್ಟಿನಲ್ಲಿ ಫ್ರೆಂಚರ ಸಕ್ಕರೆ ದ್ವೀಪ ಸಾನ್ ದೊಮಿಂಗ್‌ನಲ್ಲಿ ಗುಲಾಮರೇ ದಂಗೆಯೆದ್ದು, ಕಬ್ಬಿನ ತೋಟಗಳಿಗೆ ಬೆಂಕಿ ಇಟ್ಟು, ಹೋರಾಡಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು. ಬ್ರಿಟಿಷರು ಗುಲಾಮ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ; ಗುಲಾಮಗಿರಿ ನಿಂತಿರಲಿಲ್ಲ.

ಆದ್ದರಿಂದ 1820ರ ದಶಕದಲ್ಲಿ ಎರಡನೇ ಸಲ ಬಹಿಷ್ಕಾರ. ಲೆಸ್ಟರಿನ ಎಲಿಜಬೆತ್ ಹೇರಿಕ್ ಎಂಬ ಹೆಂಗಸು 1824ರಲ್ಲಿ, ನಿಧಾನವಾಗಿ ಅಲ್ಲ, ಈಗಲೇ ನಿಲ್ಲಿಸಿ ಎಂದು ಬರೆದಳು. ಗಂಡಸರ ಸಂಘಕ್ಕೆ ಅದು ತೀರಾ ಖಾರವಾಯಿತು. ಮನೆ ಮನೆಗೆ ಹೋಗಿ ಸಕ್ಕರೆ ಬಿಡಿಸಿದವರು ಹೆಂಗಸರೇ. ಆಗ ಪೇಟೆಗೆ ಬಂದವು ಅಕ್ಷರ ಬರೆದ ಸಕ್ಕರೆ ಬಟ್ಟಲುಗಳು. ಎಲ್ಲವೂ ಸ್ಟೋನ್‌ವೇರ್ ಅಲ್ಲ, ಕೆಲವು ಸಾದಾ ಮಣ್ಣಿನವು, ನೀಲಿ ಗಾಜಿನವೂ ಇದ್ದವು. ಬರೆದದ್ದು ಏನು ಗೊತ್ತೇ? ಇದರೊಳಗಿರುವುದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಎಂದು. ಆರು ಕುಟುಂಬಗಳು ವೆಸ್ಟ್ ಇಂಡೀಸಿನದನ್ನು ಬಿಟ್ಟು ಇದನ್ನು ಬಳಸಿದರೆ ಒಬ್ಬ ಗುಲಾಮ ಕಡಿಮೆ ಸಾಕು ಎಂಬ ಲೆಕ್ಕವನ್ನೂ ಕೆಲವದರಲ್ಲಿ ಬರೆದಿದ್ದರು.

ಈಸ್ಟ್ ಇಂಡಿಯಾ ಎಂದರೆ ನಾವು! ಬಂಗಾಳ, ಕಾಶಿ ಕಡೆಯ ಸಕ್ಕರೆ. ಸಕ್ಕರೆ ಎಂಬ ಮಾತೂ ಇಲ್ಲಿಂದಲೇ ಹೋದದ್ದು. ಸಂಸ್ಕೃತದ ಶರ್ಕರಾ ಎಂದರೆ ಮೂಲದಲ್ಲಿ ನೊರಜುಗಲ್ಲು. ಅದು ಪರ್ಷಿಯನ್, ಅರಬಿ ಬಾಯಿಗಳನ್ನು ದಾಟಿ ಶುಗರ್ ಆಯಿತು. ನಮ್ಮ ಕರಾವಳಿಯ ಚಕ್ಕರ, ಸಕ್ಕರೆ ಪೋರ್ಚುಗೀಸರ ಬಾಯಲ್ಲಿ ಸಿಕ್ಕಿ ಇಂಗ್ಲಿಷಿನ ಜಾಗರಿ ಆಯಿತು. ಇಲ್ಲಿವರೆಗೆ ಕೇಳಿ ಮಕ್ಕಳಿಗೆ ಹೆಮ್ಮೆಯೋ ಹೆಮ್ಮೆ. ನಮ್ಮ ದೇಶದ ಸಕ್ಕರೆ, ಗುಲಾಮರು ಮಾಡಿದ್ದಲ್ಲ!

ಆ ಹೆಮ್ಮೆಯನ್ನು ಅಲ್ಲಿಗೇ ಬಿಟ್ಟು ಪಾಠ ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ಆ ಕಾಲದಲ್ಲೇ ವೆಸ್ಟ್ ಇಂಡೀಸಿನ ತೋಟದ ಧಣಿಗಳು, ನಿಮ್ಮ ಇಂಡಿಯಾದಲ್ಲಿ ಗುಲಾಮರಿಲ್ಲವೇ ಎಂದು ಕೇಳಿದ್ದರು. ಬಹಿಷ್ಕಾರದ ಮುಂದಾಳು ಜೇಮ್ಸ್ ಕ್ರಾಪರ್ ಸ್ವತಃ ಲಿವರ್‌ಪೂಲಿನಲ್ಲಿ ಇಂಡಿಯಾದ ಸಕ್ಕರೆ ತರಿಸುವ ವ್ಯಾಪಾರಿ ಎಂದೂ ಚುಚ್ಚಿದ್ದರು. ಕೇಳಿದವರ ಉದ್ದೇಶ ಕೆಟ್ಟದಿರಬಹುದು, ಪ್ರಶ್ನೆ ಸುಳ್ಳಲ್ಲ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ನಮ್ಮ ಕಡೆಯ ಜೀತದಾಳುಗಳ ವಿಷಯ ಬರೆದಿದ್ದಾನೆ. ಜನ್ಮ, ಕಾಣ, ಪಾಟ ಎಂಬ ಮಾತುಗಳು ನಮ್ಮ ಹಿರಿಯರಿಗೆ ಭೂಮಿಯ ದಸ್ತಾವೇಜಿನಿಂದ ಪರಿಚಿತ. ಮಲಬಾರಿನಲ್ಲಿ ಇದೇ ಮೂರು ರೀತಿಯಲ್ಲಿ ಮನುಷ್ಯರನ್ನೂ ಮಾರುತ್ತಿದ್ದರು, ಅಡವು ಇಡುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು. ಅವರು ಬೆಳೆದದ್ದು ಭತ್ತ, ಲಂಡನ್ನಿಗೆ ಹೋದ ಸಕ್ಕರೆ ಅಲ್ಲ, ನಿಜ. ಆದರೆ ಆ ಬಟ್ಟಲಿನ ಮೇಲೆ ನಮ್ಮ ದೇಶದ ಹೆಸರಿನ ಪಕ್ಕ ಅಂತಹ ಮಾತು ಬರೆದ ದಿನಗಳಲ್ಲಿ ನಮ್ಮ ಗದ್ದೆಯ ಬದುವಿನಲ್ಲಿ ಅವರು ನಿಂತಿದ್ದರು. ಗುಲಾಮರ ಮೇಲಿನ ಹಕ್ಕನ್ನು ಇಲ್ಲಿನ ಕೋರ್ಟು ಮಾನ್ಯ ಮಾಡಬಾರದೆಂಬ ಕಾಯಿದೆ ಬಂದದ್ದು 1843ರಲ್ಲಿ. ಮನುಷ್ಯನನ್ನು ಗುಲಾಮನಾಗಿ ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು 1862ರಲ್ಲಿ ದಂಡ ಸಂಹಿತೆ ಜಾರಿಯಾದ ಮೇಲೆ.

ಬ್ರಿಟನ್ನಿನ ವಸಾಹತುಗಳಲ್ಲಿ ಗುಲಾಮಗಿರಿ ರದ್ದತಿಯ ಕಾಯಿದೆ 1833ರದ್ದು. 2 ಕೋಟಿ ಪೌಂಡ್ ಪರಿಹಾರ ಕೊಟ್ಟರು, ಗುಲಾಮರಿಗಲ್ಲ, ಧಣಿಗಳಿಗೆ! ಅದಕ್ಕಾಗಿ ಮಾಡಿದ ಸಾಲದ ಕೊನೆಯ ಭಾಗ ತೀರಿದ್ದು 2015ರಲ್ಲಿ. ಕಬ್ಬು ಕಡಿಯಲು ಜನ ಬೇಕಲ್ಲ, 1834ರ ನವೆಂಬರಿನಲ್ಲಿ 'ಅಟ್ಲಾಸ್' ಎಂಬ ಹಡಗು 36 ಮಂದಿ ಭಾರತೀಯ ಕೂಲಿಗಳನ್ನು ಮಾರಿಷಸಿನಲ್ಲಿ ಇಳಿಸಿತು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮುಂದೆ ಮಾರಿಷಸಿಗೆ ಒಂದಕ್ಕೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಯ್ದರು. ಅದು ಇನ್ನೊಂದು ದೊಡ್ಡ ಪಾಠ, ಬೇರೆಯೇ ಬರೆಯಬೇಕು.

ಇಷ್ಟಾದ ಮೇಲೆ ಸಮಾಜ ವಿಜ್ಞಾನ ಕ್ಲಬ್ಬಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ಮನೆಯ ಹಿರಿಯರು ಸಣ್ಣವರಿದ್ದಾಗ ಸಕ್ಕರೆಯನ್ನು ಯಾವುದರಲ್ಲಿ ಇಡುತ್ತಿದ್ದರು, ಚಾಯ ಕಾಫಿ ಯಾವುದರಲ್ಲಿ ಕುಡಿಯುತ್ತಿದ್ದರು ಎಂದು ಕೇಳಿಕೊಂಡು ಬನ್ನಿ ಎಂದು. ಬಂದ ಉತ್ತರಗಳು ಚೆನ್ನಾಗಿದ್ದವು. ಹೆಚ್ಚಿನ ಮನೆಗಳಲ್ಲಿ ಸಕ್ಕರೆಯೇ ಇರಲಿಲ್ಲ, ಬೆಲ್ಲದ ಕಾಫಿ, ಇಲ್ಲವೇ ಜೀರಿಗೆ ಕೊತ್ತಂಬರಿಯ ಕಷಾಯ. ನೆಂಟರು ಬಂದರೆ ಬಾಯಾರಿಕೆಗೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಪಕ್ಕದಲ್ಲಿ ಚೆಂಬಿನಲ್ಲಿ ನೀರು. (ನಮ್ಮ ಊರಿನ ಸೆಟ್ಟು ಇದೇ ಅಲ್ಲವೇ ಎಂದು ಟೀಚರು ಹೇಳಿದರು.) ರೇಷನ್ ಕಾಲದಲ್ಲಿ ಸಿಕ್ಕಿದ ಸಕ್ಕರೆಯನ್ನು ಭರಣಿಯಲ್ಲಿ ತುಂಬಿ, ಭರಣಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಅಜ್ಜಿಯ ಕಥೆ ಬಂತು. ಲಂಡನ್ನಿನ ಮನೆಯೊಡತಿಗೂ ಇವರಿಗೂ ಏನು ವ್ಯತ್ಯಾಸ!

ಒಬ್ಬ ಹುಡುಗ ತಂದ ಉತ್ತರ ಅರ್ಧ ಪುಟದ್ದು. ಅವನ ಅಜ್ಜಿ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಧಣಿಗಳ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಚಾಯ. ಅಂಗಳದ ಹೊರಗೆ ಕೂರಬೇಕು, ತೆಂಗಿನಕಾಯಿಯ ಗೆರಟೆ ಹಿಡಿಯಬೇಕು, ಮೇಲಿನಿಂದ ತಾಗದ ಹಾಗೆ ಎರೆಯುತ್ತಿದ್ದರು. ಕುಡಿದಾದ ಮೇಲೆ ಗೆರಟೆಯನ್ನು ತೊಳೆದು ನಾಳೆಗೆ ಬೇಲಿಯ ಗೂಟದ ಮೇಲೆ ಕವುಚಿಡಬೇಕು. ಸಕ್ಕರೆ ಇತ್ತೋ ಎಂದು ಕೇಳಿದ್ದಕ್ಕೆ, ಇತ್ತು, ಆದರೆ ಎಷ್ಟು ಬೇಕು ಎಂದು ಯಾರೂ ಕೇಳಲಿಲ್ಲ ಎಂದರಂತೆ. ಹುಡುಗ ಇದನ್ನು ತಲೆ ಎತ್ತದೆ ಓದಿದ. ಭರಣಿಯ ಕಥೆ ಹೇಳಿದ ಮಗು ಅವನ ಪಕ್ಕದಲ್ಲೇ ಕೂತಿತ್ತು.

ಆ ಅಜ್ಜಿಯನ್ನು ಶಾಲೆಗೆ ಕರೆಯಬೇಕೆಂದು ಮಕ್ಕಳೇ ಹೇಳಿದರು. ಬರುತ್ತೇನೆ ಎಂದಿದ್ದಾರೆ. ಬುಧವಾರ ಆಗದು, ಅಂದು ಅವರಿಗೆ ಆಸ್ಪತ್ರೆಗೆ ಹೋಗಲಿಕ್ಕಿದೆ, ಶುಕ್ರವಾರ ಬರುತ್ತಾರೆ. ಆ ದಿನಕ್ಕೆ ಕಪಾಟಿನಿಂದ ಸೆಟ್ಟು ತೆಗೆದು ಹುಡುಗಿಯರು ಈಗಲೇ ತೊಳೆದಿಟ್ಟಿದ್ದಾರೆ. ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊಮ್ಮಗ ಮೊದಲೇ ಎಚ್ಚರಿಸಿದ್ದಾನೆ, ಹಾಗಾಗಿ ಈ ಸಲ ಹಾಲು ಬೇರೆ, ಸಕ್ಕರೆ ಬೇರೆ. ಎಷ್ಟು ಬೇಕೆಂದು ಕೇಳುವ ಕೆಲಸ ಮೊದಲು ಪ್ರಶ್ನೆ ಕೇಳಿದ ಆ ಎಂಟನೇ ಕ್ಲಾಸಿನ ಹುಡುಗಿಯದ್ದು.